ಎಣ್ಣೆ ಸೋಕದ ಪಾರ್ಟಿ

ಮೊನ್ನೆ ಕ್ರಿಸ್‌ಮಸ್ ರಜೆಯಲ್ಲಿ ಮೊಮ್ಮಗಳ ಕ್ಲಾಸಿನ ಮಕ್ಕಳೆಲ್ಲ ನಮ್ಮ ಮನೆಗೆ ಬರುವವರಿದ್ದರು. ಮೈದಾ ಬೇಡ, ಸಕ್ಕರೆ ಬೇಡ, ಕರಿದದ್ದಂತೂ ಬೇಡವೇ ಬೇಡ ಎಂದು ಸೊಸೆ ಮೊದಲೇ ಹೇಳಿದ್ದಳು. ಹೆಲ್ದಿ ಪಾರ್ಟಿ. ಕಡುಬು ಬೇಯಿಸುವ ಪಾತ್ರೆಯನ್ನು ಅಟ್ಟದಿಂದ ತಾನೇ ಇಳಿಸಿ, ತೊಳೆದು, ನನ್ನ ಮುಂದಿಟ್ಟು ಸ್ಟೂಲಿನ ಮೇಲೆ ಕೂತಳು. ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ, ಆದರೂ ಅಕ್ಕಿಹಿಟ್ಟಿನಲ್ಲಿ ಗಿಣಿ, ಮೀನು, ನಕ್ಷತ್ರ ಮಾಡುವುದು ಮರೆತಿಲ್ಲ. ಯಾರು ಕಲಿಸಿದ್ದು ಎಂದು ಕೇಳಿದಳು. ನಮ್ಮಮ್ಮ ಎಂದೆ.

"ಅತ್ತೆ, ನಿಮ್ಮಮ್ಮ ಆ ಕಾಲಕ್ಕೇ ಎಷ್ಟು ಹೆಲ್ತ್ ಕಾನ್ಷಸ್ ಅಲ್ವಾ?"

"ಹೂಂ" ಎಂದೆ. ಹಿಟ್ಟು ತಟ್ಟುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. ಹೇಳಿಯಾದ ಮೇಲೆ ಕಿವಿಯ ಹಿಂದೆ ಬಿಸಿಯಾಯಿತು. ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾದರೆ ಮೊದಲು ಗೊತ್ತಾಗುವುದು ಅಲ್ಲೇ. ಆ 'ಹೂಂ' ನನ್ನದಲ್ಲ, ನಮ್ಮಮ್ಮನದು. ಅವಳು ಅದನ್ನು ನಮ್ಮ ಮನೆಯ ಅಂಗಳದಲ್ಲಿ, ನನ್ನ ಎದುರಿಗೆ ಹೇಳಿದಾಗ ನನಗಿನ್ನೂ ಎರಡು ಜಡೆ ಹಾಕುತ್ತಿದ್ದರು.

ನಮ್ಮೂರು ದಿಬ್ಬೂರಹಳ್ಳಿಯಿಂದ ಸ್ವಲ್ಪ ಒಳಗೆ. ಮನೆ ದೊಡ್ಡದೇ, ಆದರೆ ಅದರಲ್ಲಿ ನಮಗಿದ್ದ ಜಾಗ ಕಡಿಮೆ. ನಡುಮನೆ ರೇಷ್ಮೆ ಹುಳುವಿನದು. ನೆಲದಿಂದ ಜಂತೆಯವರೆಗೆ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಬಿದಿರು ತಟ್ಟೆ, ತಟ್ಟೆಯ ತುಂಬ ಹುಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುತ್ತಿದ್ದೆವು. ಹುಳು ಚಿಕ್ಕದಿದ್ದಾಗ ನಾವೂ ಅಲ್ಲೇ ಒಂದು ಮೂಲೆಯಲ್ಲಿ ಮಲಗುತ್ತಿದ್ದೆವು. ಅದು ಬೆಳೆದಂತೆಲ್ಲ ನಾವು ಹಾಸಿಗೆ ಸುತ್ತಿಕೊಂಡು ಜಗಲಿಗೆ ಸರಿಯುತ್ತಿದ್ದೆವು. ಹುಳು ಆಗಾಗ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳುವಿಗೆ ಹಸಿವೋ ಹಸಿವು. ಸೊಪ್ಪು ಹಾಕಿದ ಮೇಲೆ ಅದು ಮೇಯುವ ಸದ್ದು ಕೇಳಿ, ಮಳೆ ಹಿಡಿಯಿತೇನೋ ಎಂದು ಹೊಸಬರು ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದರು. ಆ ದಿನಗಳಲ್ಲಿ ಮನೆಯ ಕಟ್ಟು ಬಲು ಬಿಗಿ. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಊದುಬತ್ತಿ ಇಲ್ಲ. ಎಣ್ಣೆಯ ಹೊಗೆ ತಾಗಿದರೆ ಹುಳು ಮೇವು ಬಿಡುತ್ತದೆ, ಮೇವು ಬಿಟ್ಟ ಹುಳು ಗೂಡು ಕಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು. ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಆ ಅವ್ವ ತನ್ನ ನಸ್ಯದ ಡಬ್ಬಿಯನ್ನು ಕೊಟ್ಟಿಗೆಯ ಗೋಡೆಯ ಸಂದಿನಲ್ಲಿಟ್ಟು, ಬೇಕೆನಿಸಿದಾಗ ಅಲ್ಲಿಗೇ ಹೋಗಿ ಏರಿಸಿಕೊಂಡು, ಸೀನುವುದನ್ನೂ ಅಲ್ಲೇ ಮುಗಿಸಿ ಬರುತ್ತಿದ್ದಳು. ನನಗೆ ಮುಖಕ್ಕೆ ಪೌಡರ್ ಇಲ್ಲ.

ಆ ಪೌಡರ್‌ನದೇ ನನಗೆ ದೊಡ್ಡ ದುಃಖ. ನಾನು ಓದುತ್ತಿದ್ದದ್ದು ಶಿಡ್ಲಘಟ್ಟದ ಕಾನ್ವೆಂಟಿನಲ್ಲಿ. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಅಸೆಂಬ್ಲಿಯಲ್ಲಿ ಸಾಲಿನಲ್ಲಿ ನಿಂತರೆ ಮುಂದಿನ ಹುಡುಗಿಯ ಕುತ್ತಿಗೆಯಿಂದ ಪೌಡರ್ ಘಮ ಬರುತ್ತಿತ್ತು. ನನ್ನ ಯೂನಿಫಾರ್ಮಿನಿಂದ ಬರುತ್ತಿದ್ದದ್ದು ಹಸಿ ಸೊಪ್ಪಿನ ಮತ್ತು ಹುಳುವಿನ ಹಿಕ್ಕೆಯ ವಾಸನೆ. ಯಾರೂ ಏನೂ ಅನ್ನುತ್ತಿರಲಿಲ್ಲ. ನಾನೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆ. ನನ್ನ ಬೆಂಚಿನಲ್ಲಿ ಇಬ್ಬರು ಗೆಳತಿಯರು. ಶೀಲಾ ಬ್ಯಾಂಕ್ ಮ್ಯಾನೇಜರರ ಮಗಳು. ನಮ್ಮೂರಿಗೆ ಟಿವಿ ಅಂದರೇನೆಂದು ಗೊತ್ತಿಲ್ಲದಾಗ ಅವರ ಮನೆಯಲ್ಲಿ ಟಿವಿಗೆ ಮರದ ಬಾಗಿಲು ಹಾಕಿ ಇಟ್ಟಿದ್ದರು. ನಸ್ರೀನ್‌ಳ ಅಬ್ಬಾ ಗೂಡು ಕೊಂಡು ನೂಲು ತೆಗೆಸುವವರು. ಅವಳಿಂದಲೂ ಗೂಡು ಬೇಯುವ ವಾಸನೆ ಬರುತ್ತಿತ್ತು. ಆದರೆ ಅವಳು ಅದಕ್ಕಾಗಿ ಹಿಂದೆ ನಿಂತದ್ದನ್ನು ನಾನು ನೋಡಲಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಕ್ಲಾಸಿನ ಒಬ್ಬರ ಮನೆಯಲ್ಲಿ ಎಲ್ಲರೂ ಸೇರುವ ಪದ್ಧತಿಯನ್ನು ನಮ್ಮ ಕ್ಲಾಸ್ ಟೀಚರ್ ಸಿಸ್ಟರ್ ಶುರುಮಾಡಿದ್ದರು. ಮಂಗಳೂರಿನ ಕಡೆಯವರು, ಪುಸ್ತಕದಂತೆ ಕನ್ನಡ ಮಾತಾಡುತ್ತಿದ್ದರು. ಶೀಲಾ ಮನೆಯಲ್ಲಿ ಪಫ್ಸು, ಚಿಪ್ಸು, ಐಸಿಂಗಿನ ಗುಲಾಬಿ ಇದ್ದ ಕೇಕು ತಿಂದಿದ್ದೆ. ನಸ್ರೀನ್ ಮನೆಯಲ್ಲಿ ತುಪ್ಪದಲ್ಲಿ ಮುಳುಗಿದ ಸಿಹಿ ತಿಂದಿದ್ದೆ. ನಮ್ಮ ಸರದಿ ಬಂದಾಗ ಅಮ್ಮ ಲೆಕ್ಕ ಹಾಕಿ, ಅಷ್ಟೊತ್ತಿಗೆ ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ತಡಿಕೆಯ ಚಂದ್ರಿಕೆ ಏರಿರುತ್ತದೆ, ಮನೆಯಲ್ಲಿ ಎಣ್ಣೆ ಇಡಬಹುದು, ಕೋಡುಬಳೆ, ಚಕ್ಕುಲಿ, ಕಜ್ಜಾಯ ಮೂರೂ ಮಾಡುತ್ತೇನೆ ಎಂದಳು. ನಾನು ಅದನ್ನು ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಅನೌನ್ಸ್ ಮಾಡಿದೆ. ಆದರೆ ಆ ವರ್ಷ ಚಳಿ ಮುಂಚೆ ಬಂತು. ಚಳಿಗೆ ಹುಳು ನಿಧಾನ. ಅಮ್ಮ ಕೆಂಡದ ಬಾಣಲೆ ಇಟ್ಟಳು, ಕಿಟಕಿಗೆ ಗೋಣಿತಾಟು ಕಟ್ಟಿದಳು. ಪಾರ್ಟಿಯ ವಾರ ಬಂದಾಗಲೂ ನಮ್ಮ ಹುಳು ಆಗತಾನೇ ಜ್ವರದಿಂದೆದ್ದು ಸೊಪ್ಪಿಗೆ ಬಾಯಿ ಹಾಕಿತ್ತು. ಆಚೆಮನೆಯಲ್ಲಿ ಕರಿಯೋಣವೆಂದರೆ ಅಲ್ಲೂ ಹುಳು, ಈಚೆಮನೆಯಲ್ಲೂ ಹುಳು. ಬೇಕರಿಯಿಂದ ತರೋಣ ಎಂದು ನಾನು ಅತ್ತೆ. ಕರೆದ ಮನೆಯಲ್ಲಿ ಕೊಂಡದ್ದು ಇಟ್ಟರೆ ಕರೆದಂತಲ್ಲ ಎಂದು ಅಮ್ಮ ಒಪ್ಪಲಿಲ್ಲ. ಅವ್ವ ಜಗಲಿಯಲ್ಲಿ ಕಾಲು ಚಾಚಿಕೊಂಡು ತನ್ನ ತೆಲುಗಿನಲ್ಲಿ ಸೊಸೆಯನ್ನು ಕೆಣಕಿದಳು.

"ಪಂಡಗ ಎವರಿಕಮ್ಮಾ, ಪಿಲ್ಲಲಕಾ, ಪುರುಗುಲಕಾ? ಮಕ್ಕಳಿಗೆ ಹಬ್ಬನೋ ಹುಳಕ್ಕೆ ಹಬ್ಬನೋ ಮೊದ್ಲು ಹೇಳು."

ಅಮ್ಮ ಅವರೆಕಾಯಿ ಸುಲಿಯಲು ಕೂತಳು. ಸೊಗಡಿನ ಅವರೆ ಬರುವ ಕಾಲ. ಕಾಳು ಬೇಯಿಸಿ ಕಾಯಿತುರಿ, ಉಪ್ಪು, ನಿಂಬೆ ಹಿಂಡಿದ್ದು, ಒಗ್ಗರಣೆ ಇಲ್ಲ. ಗೆಣಸು, ಕಡಲೆಕಾಯಿ, ಅದೂ ಬೇಯಿಸಿದ್ದು. ಎಳ್ಳು ಬೆಲ್ಲ ಕುಟ್ಟಿ ಉಂಡೆ. ಮಿಲ್ಲಿನಿಂದ ತಂದ ರಾಗಿ ಹುರಿಹಿಟ್ಟಿಗೆ ಬೆಲ್ಲ, ಬಾಳೆಹಣ್ಣು ಕಲೆಸಿ ಇನ್ನೊಂದು ಉಂಡೆ. ಹೆಚ್ಚಿದ ಸೀಬೆಹಣ್ಣು. ಎಲ್ಲ ಆದ ಮೇಲೂ ಅವಳಿಗೆ ಸಮಾಧಾನವಿಲ್ಲ. ಎಲ್ಲವೂ ಮಂಕು ಬಣ್ಣ, ಹೊಲದಲ್ಲಿ ಕಳೆ ಕೀಳುವವರಿಗೆ ಕೊಡುವ ಬುತ್ತಿಯಂತೆ ಕಾಣುತ್ತದೆ ಎಂದು ತಾನೇ ಹೇಳಿಕೊಂಡಳು. ಆಮೇಲೆ ಅಕ್ಕಿಹಿಟ್ಟು ಬೇಯಿಸಿ ನಾದಿ, ಒಳಗೆ ಕಾಯಿಬೆಲ್ಲದ ಹೂರಣ ತುಂಬಿ, ಕಡುಬನ್ನು ಗಿಣಿಯಂತೆ ತಿದ್ದಿದಳು. ಮೆಣಸಿನ ಕಾಳಿನ ಕಣ್ಣು. ಇನ್ನೊಂದು ಮೀನು. ನಿಮ್ಮ ಏಸುವಿಗೆ ಏನು ಬೇಕು ಎಂದು ನನ್ನನ್ನು ಕೇಳಿದಳು. ಸ್ಟಾರ್ ಎಂದೆ, ಮುಖ ತಿರುಗಿಸಿಕೊಂಡೇ. ಬೆರಳಿನಿಂದ ಹಿಟ್ಟನ್ನು ಎಳೆದೆಳೆದು ನಕ್ಷತ್ರ ಮಾಡಿದಳು. ಮೂಲೆಗಳು ಹಬೆಯಲ್ಲಿ ಸ್ವಲ್ಪ ಜೋತುಬಿದ್ದವು.

ಸಿಸ್ಟರ್ ಮತ್ತು ಹುಡುಗಿಯರು ಬಸ್ಸಿಳಿದು ನಡೆದು ಬಂದರು. ಒಳಗೆ ಬಿಡುವಂತಿಲ್ಲ, ಹುಳುವಿನ ಮನೆಗೆ ಹೊರಗಿನ ಕಾಲಿನ ಧೂಳು ಆಗದು. ಅವ್ವ ಬಾಗಿಲಿಗೆ ಅಡ್ಡವಾಗಿ ಕೋಲು ಹಿಡಿದು ಕೂತಳು. ಅಂಗಳದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಮುತ್ತುಗದ ಎಲೆಯಲ್ಲಿ ಬಡಿಸಿದೆವು. ಶೀಲಾ ಎಲೆಯನ್ನು ಆಚೆಯಿಂದ ಈಚೆಗೆ ನೋಡಿ, ಇನ್ನೂ ಏನೋ ಬರಲಿಕ್ಕಿದೆ ಎಂಬಂತೆ ಕೈ ಮಡಚಿಕೊಂಡು ಕಾದಳು.

"ಆಂಟಿ, ಚಕ್ಕುಲಿ ಅಂದಿದ್ಲು ಮಂಜುಳಾ. ಎಲ್ಲಿ?"

ಅಮ್ಮನ ಕೈಯಲ್ಲಿ ನೀರಿನ ಚೊಂಬಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತಳು. ನಾನು ಎಲೆಯ ಕಡ್ಡಿ ಎಣಿಸುವವಳಂತೆ ತಲೆ ಬಗ್ಗಿಸಿದೆ. ನಸ್ರೀನ್‌ಗೆ ಮಾತ್ರ ಒಳಗಿನ ಸದ್ದು ಏನೆಂದು ಗೊತ್ತಿತ್ತು. ಅವಳು ಬಾಯಿ ತೆರೆಯುವುದರೊಳಗೆ ಸಿಸ್ಟರ್ ಗಿಣಿಯೊಂದನ್ನು ಎತ್ತಿ ಹಿಡಿದು ಕೇಳಿದರು.

"ಒಂದು ಪದಾರ್ಥಕ್ಕೂ ಎಣ್ಣೆ ಹಾಕಲಿಲ್ಲವಾ? ಮಕ್ಕಳ ಆರೋಗ್ಯಕ್ಕೆ ಅಂತಲೇ ನೀವು ಹೀಗೆ ಮಾಡಿದ್ದಾ?"

ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ ಶೀಲಾ ಕಡೆ. ಚೊಂಬನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಹೂಂ ಸಿಸ್ಟರ್. ಕರಿದಿದ್ದು ಮಕ್ಕಳಿಗೆ ಒಳ್ಳೇದಲ್ಲ ಅಂತ."

ಬಾಗಿಲಲ್ಲಿ ಕೂತ ಅವ್ವನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ನನಗೂ ಅಮ್ಮನಿಗೂ ಗೊತ್ತು. ಸಿಸ್ಟರ್ ಎದ್ದು ನಿಂತು, ನೋಡಿ ಮಕ್ಕಳೇ, ಇದು ನಿಜವಾದ ಹೆಲ್ದಿ ಪಾರ್ಟಿ ಎಂದು ಚಪ್ಪಾಳೆ ತಟ್ಟಿಸಿದರು. ಒಳಗೆ ಹುಳು ಮೇಯುತ್ತಲೇ ಇತ್ತು. ನಸ್ರೀನ್ ನನ್ನನ್ನು ಒಮ್ಮೆ ನೋಡಿದಳು, ಚಪ್ಪಾಳೆ ತಟ್ಟಿದಳು, ಎಳ್ಳುಂಡೆ ಬಾಯಿಗೆ ಹಾಕಿಕೊಂಡಳು. ಅವಳು ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ತಮಾಷೆಯಾಗಿ ಉಳಿಯುತ್ತಿತ್ತು. ರಜೆ ಮುಗಿದ ಮೇಲೆ ಸಿಸ್ಟರ್ ತಾಯಂದಿರ ಮೀಟಿಂಗ್ ಕರೆದು ಅಮ್ಮನನ್ನು ವೇದಿಕೆಗೆ ಕರೆದರು. ಹಳ್ಳಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು. ಮದುವೆಯ ಸೀರೆ ಉಟ್ಟುಕೊಂಡು ಬಂದಿದ್ದಳು, ಕೊರಳಿನ ಬೆವರನ್ನು ಒರೆಸಿಕೊಳ್ಳುತ್ತಿದ್ದಳು. ಈಗಲಾದರೂ ನಿಜ ಹೇಳಿಬಿಡುತ್ತಾಳೆ ಎಂದು ನನಗೆ ಹೆದರಿಕೆ. ಹೇಳುವುದಿಲ್ಲ ಎಂದೂ ಹೆದರಿಕೆ. ಹೇಳಲಿಲ್ಲ. ಎಳ್ಳಿನಿಂದ ಮೂಳೆ ಗಟ್ಟಿಯಾಗುತ್ತದೆ, ರಾಗಿಯಿಂದ ರಕ್ತ ಹೆಚ್ಚುತ್ತದೆ, ಕರಿದದ್ದರಿಂದ ಮಕ್ಕಳು ಮಂದವಾಗುತ್ತಾರೆ ಎಂದು ನಿಂತು ನಿಂತು ಹೇಳಿದಳು. ಮ್ಯಾನೇಜರರ ಹೆಂಡತಿ ಗಿಣಿ ಮಾಡುವುದು ಹೇಗೆ ಎಂದು ಕೇಳಿದರು. ಅಮ್ಮನ ಮುಖದಲ್ಲಿ ಆಗ ಬಂದ ಕಳೆ ನಾನು ಮನೆಯಲ್ಲಿ ಎಂದೂ ನೋಡದ್ದು. ಅಂಥ ಕಳೆಯನ್ನು ನೋಡಿಯೂ ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಮೊದಲು ತಿಂಡಿಗೆ ನಾಚಿದ್ದೆ. ಈಗ ಅವಳಿಗೆ.

ಆಮೇಲೆ ಆ ಹೆಸರನ್ನು ಅವಳು ಉಳಿಸಿಕೊಳ್ಳಬೇಕಾಯಿತು. ಶಿಡ್ಲಘಟ್ಟದಿಂದ ಯಾರಾದರೂ ತಾಯಂದಿರು ಕೇಳಿಕೊಂಡು ಬಂದಾರು, ಸಿಸ್ಟರ್ ಹೇಳದೆ ಬಂದುಬಿಟ್ಟಾರು ಎಂಬ ಭಯ. ಹುಳು ಹಣ್ಣಾಗಿ, ಗೂಡಾಗಿ, ಮಾರ್ಕೆಟ್ಟಿಗೆ ಹೋಗಿ, ನಡುಮನೆ ತೊಳೆದು ಸುಣ್ಣ ಹೊಡೆದಾದ ಮೇಲೂ ಕರಿಯುವ ಬಾಣಲೆ ಗೋಡೆಯಿಂದ ಇಳಿಯಲಿಲ್ಲ. ಮೊದಲೆಲ್ಲ ಗೂಡು ಮಾರಿದ ಸಂಜೆ ನಮ್ಮ ಮನೆಯಲ್ಲಿ ಬಜ್ಜಿ ಕರಿಯುವುದು ಹಬ್ಬದಂತೆ. ಈರುಳ್ಳಿ ಹೆಚ್ಚುವ ಸದ್ದಿಗೇ ಅಪ್ಪ ಹೊಲದಿಂದ ಬೇಗ ಬರುತ್ತಿದ್ದರು. ಈಗ ಅಪ್ಪ ಬಂದು, ಅಡುಗೆಮನೆಗೆ ಇಣುಕಿ, ಗೆಣಸು ನೋಡಿ ಹೊರಗೆ ಹೋಗಿ ಕೂರುತ್ತಿದ್ದರು. ಯುಗಾದಿಗೆ ವಡೆ ಇಲ್ಲ ಎಂದ ದಿನ ಅವ್ವ ಎಲೆಯ ಮುಂದಿನಿಂದ ಎದ್ದಳು.

"ಹುಳ ಹೋದ್ರೂ ಹುಳದ ಕಟ್ಟು ಹೋಗ್ಲಿಲ್ಲ ಈ ಮನೇಲಿ. ನಾನೇನ್ ಸೊಪ್ಪು ಮೇಯೋದಾ?"

"ಅತ್ತೆ, ನಾಕ್ ಜನದ ಮುಂದೆ ಹೇಳ್ಬಂದಿದೀನಿ. ಮಗು ಸ್ಕೂಲಲ್ಲಿ ಹೆಸರಿದೆ."

"ಹೆಸರನ್ನೇ ಬೇಯ್ಸಿ ಬಡ್ಸು ಹಂಗಾದ್ರೆ."

ಅವ್ವ ಕೊಟ್ಟಿಗೆಗೆ ಹೋಗಿ ನಸ್ಯ ಏರಿಸಿದಳು. ಅಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದಳು, ಅರ್ಧ ನೆಲಕ್ಕೆ ಚೆಲ್ಲಿತು. ಮಗು ಎಂದದ್ದು ನನ್ನನ್ನು. ನನ್ನ ಹೆಸರಿಗಾಗಿ ಅವ್ವನ ಎಲೆ ಖಾಲಿ ಎಂಬುದು ನನಗೆ ಆಗ ಅರ್ಥವಾಯಿತು. ಆದರೂ ಅಮ್ಮನಿಗೆ ನಿಲ್ಲಿಸು ಎನ್ನಲಿಲ್ಲ. ಏಕೆಂದರೆ ಶಾಲೆಯಲ್ಲಿ ನನ್ನನ್ನು ಈಗ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಶೀಲಾಳ ಅಮ್ಮ ಚಿಪ್ಸು ನಿಲ್ಲಿಸಿ ಟಿಫನ್ ಡಬ್ಬಿಗೆ ಬೇಯಿಸಿದ ಕಡಲೆಕಾಳು ಹಾಕುತ್ತಿದ್ದರು. ಶೀಲಾ ಅದನ್ನು ನನ್ನ ಮುಂದೆ ತೆರೆದಿಟ್ಟು ಹಲ್ಲು ಕಡಿಯುತ್ತಿದ್ದಳು.

"ನಿಮ್ಮಮ್ಮ ಒಂದ್ ದಿನ ಏನಾದ್ರೂ ಕರಿದಿದ್ದು ತಿನ್ನೋದು ನೋಡ್ಬೇಕು ಕಣೇ ನಾನು. ಆವತ್ತೇ ನಮ್ಮಮ್ಮಂಗೆ ಹೇಳ್ತೀನಿ."

ಆ ದಿನ ಬೇಸಿಗೆ ರಜೆಗೆ ಮುಂಚೆಯೇ ಬಂತು. ಅಪ್ಪ ಅಮ್ಮ ಇಬ್ಬರೂ ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬಂದಿದ್ದರು. ಸ್ಕೂಲು ಬಿಟ್ಟು ನಾನು, ಶೀಲಾ, ನಸ್ರೀನ್ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಬಜ್ಜಿ ಗಾಡಿ. ಗಾಡಿಯ ಹಿಂದೆ, ಗೋಡೆಗೆ ಒರಗಿದಂತೆ, ಹಸಿರು ಸೀರೆಯ ಹೆಂಗಸೊಬ್ಬಳು ಪೇಪರಿನ ತುಂಡಿನಿಂದ ಮೆಣಸಿನಕಾಯಿ ಬಜ್ಜಿ ಎತ್ತಿ ತಿನ್ನುತ್ತಿದ್ದಳು. ಹಸಿದವರು ತಿನ್ನುವ ಹಾಗೆ, ಊದದೆ, ಬಿಸಿಗೆ ಬಾಯಿ ತೆರೆದು ತೆರೆದು. ಸೀರೆ ನನಗೆ ಗೊತ್ತಿತ್ತು. ಅವಳು ತಲೆ ಎತ್ತಿದಳು. ಒಂದು ಕೆನ್ನೆ ಉಬ್ಬಿತ್ತು. ನನ್ನನ್ನು ನೋಡಿದಳು, ನನ್ನ ಪಕ್ಕದ ಶೀಲಾಳನ್ನು ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪೇಪರನ್ನು ಸೆರಗಿನೊಳಗೆ ಮುಚ್ಚಿ, ಸಿನಿಮಾ ಪೋಸ್ಟರಿನ ಗೋಡೆಯ ಕಡೆ ತಿರುಗಿ ನಿಂತಳು. ಯಾರೋ ಅನ್ನುವ ಹಾಗೆ. ನಾನು ಯಾರದೋ ಮಗಳು ಅನ್ನುವ ಹಾಗೆ.

ಅಷ್ಟರಲ್ಲಿ ನಸ್ರೀನ್ ಶೀಲಾಳ ಇನ್ನೊಂದು ಪಕ್ಕಕ್ಕೆ ಬಂದು, ಗಾಡಿಗೆ ಅಡ್ಡವಾಗಿ ನಡೆಯತೊಡಗಿದಳು. ಜಾಮಿಟ್ರಿ ಪರೀಕ್ಷೆಯಲ್ಲಿ ಏನು ಬರುತ್ತದೆ ಎಂದು ಎಂದೂ ಇಲ್ಲದ ಜೋರಿನಲ್ಲಿ ಶುರುಮಾಡಿದಳು. ಅವಳೂ ನೋಡಿದ್ದಳು. ಶೀಲಾ ನೋಡಲಿಲ್ಲ. ನಾವು ಗಾಡಿಯನ್ನು ದಾಟಿದೆವು. ದಾಟಿದ ಕೂಡಲೇ ನನ್ನ ಎದೆಯಲ್ಲಿ ಆದದ್ದು ನೆಮ್ಮದಿ. ಅದನ್ನು ಬೇರೆ ಹೆಸರಿನಿಂದ ಕರೆಯಲು ಇಷ್ಟು ವರ್ಷಗಳಲ್ಲಿ ಅನೇಕ ಸಲ ಪ್ರಯತ್ನಿಸಿದ್ದೇನೆ.

ಅಪ್ಪ ಮಾರ್ಕೆಟ್ಟಿನಲ್ಲೇ ಉಳಿದರು. ಬಸ್ಸು ಹೊರಡುವ ಹೊತ್ತಿಗೆ ಅಮ್ಮ ಹತ್ತಿ, ಲೇಡೀಸ್ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಕೂತಳು. ಸೆರಗಿನ ಮೇಲೆ ಅಂಗೈಯಗಲದ ಎಣ್ಣೆಯ ಕಲೆ. ಅವಳು ಅದನ್ನು ಮಡಿಚಿ ಒಳಗೆ ಹಾಕಿಕೊಂಡಳು, ಮಡಿಕೆಯ ಆಚೆಗೂ ಕಲೆ ಇಳಿಯಿತು. ಬಸ್ಸು ಊರು ದಾಟಿತು. ಕೆರೆ ಏರಿಯ ಮೇಲೆ ಬಸ್ಸು ನಿಧಾನವಾದಾಗ ಕಿಟಕಿಯ ಕಡೆ ನೋಡುತ್ತ ಕೇಳಿದಳು.

"ಆ ಹುಡುಗಿ ನೋಡಿದ್ಲಾ?"

"ಇಲ್ಲ."

"ನಸ್ರೀನು?"

ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ. ಅಮ್ಮ ತಲೆಯಾಡಿಸಿದಳು, ಅವಳದೇನೂ ತೊಂದರೆಯಿಲ್ಲ ಎನ್ನುವಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಪೇಪರಿನಲ್ಲಿ ಒಂದು ಬಜ್ಜಿ ಇತ್ತು, ತಣ್ಣಗಾಗಿ, ಮುದುರಿ, ಪೇಪರಿನ ಅಕ್ಷರ ಮೈಗೆ ಹತ್ತಿಸಿಕೊಂಡು.

"ನಿನಗೆ ಅಂತ ಕಟ್ಟಿಸ್ಕೊಂಡೆ ಕಣೇ. ಕೂಗೋಣ ಅಂದ್ರೆ ಆಗ್ಲಿಲ್ಲ."

ಅದನ್ನು ಮುರಿದು ಖಾರ ಕಡಿಮೆಯಿದ್ದ ತುದಿಯನ್ನು ನನಗೆ ಕೊಟ್ಟಳು. ತೊಟ್ಟಿನ ಕಡೆಯದನ್ನು ತಾನಿಟ್ಟುಕೊಂಡಳು. ಹಿಂದಿನ ಸೀಟಿನಲ್ಲಿ ನಮ್ಮೂರಿನವರಿದ್ದರು. ನಾವಿಬ್ಬರೂ ಕಿಟಕಿಯ ಕಡೆ ಮುಖ ಮಾಡಿ, ಹೊರಗೆ ಏನನ್ನೋ ನೋಡುವವರಂತೆ, ಮೆಲ್ಲಗೆ ಅಗಿದು ನುಂಗಿದೆವು. ನಮ್ಮೂರ ಸ್ಟಾಪು ಬರುವ ಮುಂಚೆ ಅವಳು ನನ್ನ ಬಾಯನ್ನು ಸೆರಗಿನ ಶುಭ್ರವಾದ ತುದಿಯಿಂದ ಒರೆಸಿದಳು. ತನ್ನದನ್ನು ಒರೆಸಿಕೊಳ್ಳುವುದು ಮರೆತಳು. ಮನೆಯ ಬಾಗಿಲಲ್ಲಿ ಕೂತಿದ್ದ ಅವ್ವ ಆ ಬಾಯನ್ನು ಬಹಳ ಹೊತ್ತು ನೋಡಿ, ಕಾಲು ಮಡಚಿಕೊಂಡು ನಮಗೆ ದಾರಿ ಬಿಟ್ಟಳು.